ಬೀದಿದೀಪದ ಬದಲು ಬೆಟ್ಟ

ವಿತ್ತೀಯ ಕೊರತೆ ಎಂಬ ಮಾತನ್ನು ಮೊದಲ ಸಲ ಓದಿದ ದಿನ ನನಗೆ ಹೊಟ್ಟೆನೋವು ಬಂತು. ನನ್ನ ಹೆದರಿಕೆಗಳೆಲ್ಲ ಮೊದಲು ಹೊಟ್ಟೆಗೇ ವರದಿ ಒಪ್ಪಿಸುತ್ತವೆ.

ನನಗೆ ನಲವತ್ತೇಳು ವರ್ಷ. ಶಿರಸಿಯ ಒಂದು ಸಹಕಾರಿ ಸಂಘದಲ್ಲಿ ಹನ್ನೊಂದು ವರ್ಷಗಳಿಂದ ತಾತ್ಕಾಲಿಕ ಗುಮಾಸ್ತೆ. ಕಾಯಂ ಆಗಬೇಕಾದರೆ ಸರ್ಕಾರ, ಅರ್ಥವ್ಯವಸ್ಥೆಗಳ ಮೂಲ ವಿಷಯಗಳ ಮೇಲೆ ಲಿಖಿತ ಪರೀಕ್ಷೆ, ಆಮೇಲೆ ಸಂದರ್ಶನ. ಎರಡು ಸಲ ನಪಾಸಾಗಿದ್ದೆ. ಮೂರನೆಯದೇ ಕೊನೆಯದು. ಈ ಸಲವೂ ಹೋದರೆ ನನ್ನ ಕುರ್ಚಿಗೆ ಬೇರೆಯವರು ಬರುತ್ತಾರೆಂದು ಕಾರ್ಯದರ್ಶಿಗಳು ಬಹಳ ವಿನಯದಿಂದ ತಿಳಿಸಿದ್ದರು. ಆ ವಿನಯವೇ ಹೆಚ್ಚು ಹೆದರಿಸಿತು.

ಇಸಳೂರಿನ ನಮ್ಮ ಮನೆಯಲ್ಲಿ, ಅಡುಗೆಕಟ್ಟೆಯ ಮೇಲೆ ಒಗ್ಗರಣೆ ಡಬ್ಬಿಗೆ ಪುಸ್ತಕ ಆನಿಸಿಟ್ಟು ಓದುತ್ತಿದ್ದೆ. ಹಣದುಬ್ಬರ ತಲೆಯೊಳಗೆ ಬರುವಷ್ಟರಲ್ಲಿ ಮಿಶ್ರ ಆರ್ಥಿಕತೆ ಹಿತ್ತಿಲ ಬಾಗಿಲಿನಿಂದ ಹೋಗಿರುತ್ತಿತ್ತು. ನಾಲ್ಕನೇ ಇಯತ್ತೆ ಓದಿದ ಅತ್ತೆ ಬೀನ್ಸ್ ಮುರಿಯುತ್ತ ನನ್ನನ್ನೇ ನೋಡುತ್ತಿದ್ದರು.

"ಎಂತಕ್ಕೆ ಹಂಗೆ ಹೆದರ್ತ್ಯೆ ತಂಗಿ? ಓದಿದ್ದು ಹೇಳು, ಆನು ಕೇಳ್ತೆ."

"ರಾಜ್ಯ ಬೇರೆ, ಸರ್ಕಾರ ಬೇರೆ ಹೇಳಿ ಇದ್ದು ಅತ್ತೆ. ಒಂಚೂರೂ ತಲೆಗೆ ಹೋಗ್ತಿಲ್ಲೆ."

"ಗೊತ್ತಾಗದ್ದು ಎಂತ ಇದ್ದು ಅದ್ರಲ್ಲಿ? ಸರ್ಕಾರ ಬತ್ತು, ಹೋಗ್ತು. ನಮ್ಮ ಬೆಟ್ಟದ ಕಾಗದಕ್ಕೆ ಶಿಕ್ಕಾ ಒತ್ತೋ ಕಚೇರಿ ಎಲ್ಲಿಗೂ ಹೋಗ್ತಿಲ್ಲೆ."

ಬೆಟ್ಟ ಎಂದರೆ ಮನ್ಮನೆ ಎಂಬ ಊರಿನಲ್ಲಿರುವ ನಮ್ಮ ತೋಟಕ್ಕೆ ಸೇರಿದ ಸೊಪ್ಪಿನ ಬೆಟ್ಟ. ಜಾಗ ಸರ್ಕಾರದ್ದು, ಗೊಬ್ಬರಕ್ಕೆ ಸೊಪ್ಪು ಕೊಯ್ಯುವ ಹಕ್ಕು ತೋಟದವರದ್ದು. ಅವತ್ತಿನಿಂದ ಪುಸ್ತಕದ್ದನ್ನೆಲ್ಲ ಅತ್ತೆ ಬೆಟ್ಟಕ್ಕೆ ಹತ್ತಿಸಿದರು. ತೆರಿಗೆ, ಹಕ್ಕು, ಅಧಿಕಾರ ವಿಕೇಂದ್ರೀಕರಣ, ಎಲ್ಲವೂ ಅಲ್ಲೇ. ಆಶ್ಚರ್ಯವೆಂದರೆ ಅರ್ಥವಾಯಿತು. ಲಿಖಿತ ಪರೀಕ್ಷೆ ಹೇಗೋ ದಾಟಿದೆ.

ಸಂದರ್ಶನ ಯಲ್ಲಾಪುರದಲ್ಲಿತ್ತು. ಮಂಚಿಕೇರಿ ದಾಟುವವರೆಗೂ ಬಸ್ಸಿನಲ್ಲಿ ಒಂದೇ ಜಪ: ಸಾರ್ವಜನಿಕ ಸರಕು ಎಂದರೆ ಒಬ್ಬರು ಬಳಸಿದರೆ ಇನ್ನೊಬ್ಬರಿಗೆ ಕಮ್ಮಿಯಾಗದ್ದು, ಯಾರನ್ನೂ ಬೇಡವೆನ್ನಲಾಗದ್ದು. ಉದಾಹರಣೆ, ಬೀದಿದೀಪ. ಪಕ್ಕದಲ್ಲಿ ಕೂತಿದ್ದ ಹೆಂಗಸು ನಾನು ಮಂತ್ರ ಹೇಳುತ್ತಿದ್ದೇನೆಂದು ತಿಳಿದು ಕಾಲು ಮಡಚಿಕೊಂಡು ಜಾಗ ಬಿಟ್ಟಳು.

ಒಳಗೆ ಇಬ್ಬರಿದ್ದರು. ಒಬ್ಬರು ಧಾರವಾಡದ ಕಡೆಯವರು, ಇನ್ನೊಬ್ಬರು ನಮ್ಮ ಸೀಮೆಯವರು.

"ಬರ್ರಿ ಅಕ್ಕಾರ, ಕುಂದರ್ರಿ," ಎಂದರು ಧಾರವಾಡದವರು. "ಸಾರ್ವಜನಿಕ ಸರಕಿಗೆ ಒಂದು ಉದಾಹರಣೆ ಕೊಡ್ರಿ."

ತಲೆಯೊಳಗಿನ ಬೀದಿದೀಪ ಆರಿಹೋಗಿತ್ತು.

"ಸೊಪ್ಪಿನ ಬೆಟ್ಟ," ಎಂದೆ.

"ಅದೇನ್ರಿ?"

ನಮ್ಮ ಸೀಮೆಯವರೇ ವಿವರಿಸಿದರು. ಧಾರವಾಡದವರಿಗೆ ಸಮಾಧಾನವಾಗಲಿಲ್ಲ. "ಜಾಗ ಸರಕಾರದ್ದು, ಸೊಪ್ಪು ಇವರದ್ದು ಅಂದ್ರ ಹೆಂಗ್ರಿ? ಮತ್ತ ಅದು ಸಾರ್ವಜನಿಕ ಆತೇನು?"

"ಅದನ್ನ ಅವರೇ ಹೇಳಲಿ," ಎಂದು ನಮ್ಮ ಸೀಮೆಯವರು ಪೆನ್ನಿನ ಮುಚ್ಚಳ ತೆಗೆದರು.

ಆ ಮುಚ್ಚಳದ ಸದ್ದಿಗೆ ಹನ್ನೊಂದು ವರ್ಷದ ಕುರ್ಚಿ ನನ್ನ ಕೆಳಗಿಂದ ಜಾರುತ್ತಿರುವುದು ಸ್ಪಷ್ಟವಾಗಿ ತಿಳಿಯಿತು.

"ತಪ್ಪು ಹೇಳಿದೆ ಸರ್. ಪಕ್ಕದ ತೋಟದವರು ನಮ್ಮ ಬೆಟ್ಟದಲ್ಲಿ ಒಂದು ಹೊರೆ ಸೊಪ್ಪು ಕೊಯ್ದರೆ ನಮಗೆ ಒಂದು ಹೊರೆ ಕಮ್ಮಿಯಾಗ್ತದೆ. ಕೊಯ್ಯೋದಕ್ಕೂ ಬಿಡೋದಿಲ್ಲ. ನಮ್ಮತ್ತೆ ಬೆಟ್ಟದ ಸುತ್ತ ತೋಡಿದ ಅಗಳದ ದಂಡೆ ಮೇಲೆ ನಿಂತು ಇಡೀ ಊರಿಗೆ ಕೇಳೋ ಹಾಗೆ ಬೈತಾರೆ. ಅದಕ್ಕೇ ಅದು ಸಾರ್ವಜನಿಕ ಸರಕಲ್ಲ."

ಧಾರವಾಡದವರು ಮೇಜು ತಟ್ಟಿ ನಕ್ಕರು. "ಪುಸ್ತಕದಾಗ ಇಷ್ಟು ಚಂದ ಇಲ್ಲ ಬಿಡ್ರಿ!" ನಗು ನನ್ನ ಪರವೋ ವಿರುದ್ಧವೋ ತಿಳಿಯಲಿಲ್ಲ. ಆಮೇಲಿನ ಹದಿನೆಂಟು ದಿನ ಆ ನಗುವನ್ನೇ ತಿರುಗಿಸಿ ಮುರುಗಿಸಿ ನೋಡಿದೆ.

ಆಯ್ಕೆಯಾದವರ ಪಟ್ಟಿ ಹಚ್ಚಿದ ದಿನ ನೋಡಲು ಧೈರ್ಯವಾಗದೆ ಗಂಡನನ್ನು ಕಳಿಸಿದೆ. "ಇದ್ದು ಮಾರಾಯ್ತಿ, ಕೆಳಗಿಂದ ಎರಡನೇದು!" ಎಂದು ಫೋನಿನಲ್ಲಿ ಕೂಗಿದರು. ಆ ಸಂಭ್ರಮದಲ್ಲಿ ಅತ್ತೆಗೆ ಸಂದರ್ಶನದ ಕತೆಯನ್ನೆಲ್ಲ ಹೇಳಿಬಿಟ್ಟೆ.

ಅವರ ಮುಖ ಬಿಗಿದುಕೊಂಡಿತು. "ಆನು ಬೈದದ್ದನ್ನ ಯಲ್ಲಾಪುರದವ್ರಿಗೆಲ್ಲ ಹೇಳಿಕ್ಕೆ ಬಂದ್ಯನೆ?"

ಕಾಯಂ ನೌಕರಿಯ ಮೊದಲ ಮೂರು ದಿನ ನಾನು ಕಚೇರಿಗೆ ನಿರಾತಂಕವಾಗಿ ಹೋಗಿ, ಮನೆಗೆ ಹೆದರುತ್ತ ಬಂದೆ.