ಸಾಂಗ್ಕೆಟ್ಟಿನ ಉಡಿ

ದಾಸರಹಳ್ಳಿಗೆ ಬಂದ ಮೊದಲ ಬೆಳಗು ಮಗ್ಗದ ಸದ್ದೆಂದುಕೊಂಡು ಎದ್ದು ಕೂತೆ. ಅದು ಗೋಡೆಯಾಚೆ ತಗಡು ಕತ್ತರಿಸುವ ಮಷೀನಂತೆ. ಗುಳೇದಗುಡ್ಡದಲ್ಲಿ ನಮ್ಮ ಮಗ್ಗ ನಿಂತ ಮೇಲೆ ಮಗ ಪೀಣ್ಯದ ಕಾರ್ಖಾನೆ ಸೇರಿದ. ಮಗ-ಸೊಸೆಯ ಹಿಂದೆ ನಾನೂ ಬಂದೆ. ಊರಲ್ಲಿ ಕಟ್ಟೆಗೆ ಕೂತರೆ ಹೋಗಿಬರುವವರೆಲ್ಲ ಮಾತಾಡಿಸುತ್ತಿದ್ದರು. ಇಲ್ಲಿ ಬಾಗಿಲು ತೆರೆದರೆ ಓನರಮ್ಮ, "ಮುಚ್ಕೊಳಮ್ಮ, ಯಾರಾದ್ರೂ ನುಗ್ತಾರೆ" ಎನ್ನುತ್ತಾಳೆ.

ಮಾತಾಡಿಸಿದವಳು ಮೇಲಿನ ರೂಮಿನ ಸಿತಿ ಒಬ್ಬಳೇ. ಮಲೇಶಿಯಾದಿಂದ ಫಾರ್ಮಸಿ ಓದಲು ಬಂದವಳು. ಕನ್ನಡ ಅಂಗಡಿಯಲ್ಲಿ ಕಲಿತದ್ದು. ನನ್ನ ರೊಟ್ಟಿ ಕಡಿದು, "ಸಕ್ಕತ್ ಗಟ್ಟಿ, ಅಜ್ಜಿ" ಎನ್ನುತ್ತಿದ್ದಳು.

"ಹಲ್ಲು ಅದಾವಲ್ಲ, ತಿನ್ನು."

ಒಂದು ದಿನ ಕೊಳವೆಗೆ ಸುತ್ತಿಟ್ಟ ಬಟ್ಟೆ ತಂದು ಬಿಚ್ಚಿದಳು. ಕೆಂಪು ರೇಷ್ಮೆ, ಮೈತುಂಬ ಜರಿಯ ಹೂವು. ತಾಯಿ ನೇಯ್ದದ್ದಂತೆ, ಹೆಸರು ಸಾಂಗ್ಕೆಟ್. ಮಗ್ಗದ ಉದ್ದಕ್ಕೆ ಬಿಗಿದ ಹಾಸಿನ ನೂಲು ಎತ್ತಿ ಎತ್ತಿ ಜರಿ ತೂರಿಸುತ್ತಾರೆ. ಅವರ ಭಾಷೆಯಲ್ಲಿ ಆ ಎತ್ತುವ ಕೆಲಸದಿಂದಲೇ ಹೆಸರು ಬಂತಂತೆ. ನಾನು ಮಡಿಸಹೋದೆ.

"ಮಡಿಸ್ಬೇಡಿ ಅಜ್ಜಿ, ಜರಿ ಮುರಿಯುತ್ತೆ."

ಮಳೆಗಾಲದಲ್ಲಿ ಆ ತಾಯಿ ಹಾಸಿಗೆ ಹಿಡಿದಳು. ಸಿತಿ ಓದು ಬಿಟ್ಟು ಹೊರಟಳು. ಹೆಣ್ಣುಮಗಳನ್ನು ಬರಿ ಉಡಿಯಲ್ಲಿ ಕಳಿಸಬಾರದು. ಸೆರಗಿಗೆ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಹಾಕಿ ಉಡಿ ತುಂಬಬೇಕು. ನೀನು ತುಂಬು ಎಂದು ಸೊಸೆಗೆ ಹೇಳಿದೆ.

"ಅಕಿ ನಮ್ಮಾಕಿ ಅಲ್ಲ ಅತ್ತಿ."

"ಹಂಗಾರ ನಾ ತುಂಬತೀನಿ."

"ಗಂಡ ಇಲ್ಲದಾಕಿ ತುಂಬಿದ್ರ ಅಪಶಕುನ. ಅಕಿ ಅವ್ವಗ ಏನರ ಆದ್ರ?"

ಅದು ನನಗೂ ಹೆದರಿಕೆಯೇ. ಆದರೂ ತಟ್ಟೆ ಹಿಡಿದು ಮೇಲೆ ಹತ್ತಿದೆ. ಮುಚ್ಚುಮರೆ ಮಾಡಲಿಲ್ಲ.

"ನಾ ಗಂಡ ಸತ್ತಾಕಿ. ನಾ ತುಂಬಬಾರ್ದು ಅಂತಾರ. ಬ್ಯಾಡಂದ್ರ ಬ್ಯಾಡ ಅನ್ನು."

ಸಿತಿ ಪ್ಯಾಂಟು ತೊಟ್ಟಿದ್ದಳು, ಸೆರಗೆಲ್ಲಿ? ಸಾಂಗ್ಕೆಟ್ ಬಿಚ್ಚಿ ಹೆಗಲಿಗೆ ಹಾಕಿ, ತುದಿಯನ್ನು ಮುದುಡಿ ಒಡ್ಡಿದಳು.

"ಜರಿ ಮುರಿತೈತಲ್ಲೇ!"

"ಹಾಕಿ ಅಜ್ಜಿ."

ಹಾಕಿದೆ.

ಅವಳು ಊರು ಮುಟ್ಟುವ ಮೊದಲೇ ತಾಯಿ ತೀರಿದಳು. ಓನರಮ್ಮನ ಫೋನಿಗೆ ಸುದ್ದಿ ಬಂತು. ಸೊಸೆ ನನ್ನ ಮುಖ ನೋಡಿ ಒಳಗೆ ಹೋದಳು. ನಾನು ತುಂಬಿದ್ದಕ್ಕೇ ಸತ್ತಳೆಂದು ನಂಬುವುದಿಲ್ಲ. ಅಲ್ಲವೆಂದು ಹೇಳಲೂ ಬಾಯಿ ಬರುವುದಿಲ್ಲ.

ಮೇಲಿನ ರೂಮಿಗೆ ಬೇರೆ ಯಾರೋ ಬಂದಿದ್ದಾರೆ. ಊರಿಗೆ ಹೋಗಿ ಇರ್ತೀಯೇನವ್ವ ಎಂದು ಮಗ ಕೇಳುತ್ತಾನೆ. ಅಲ್ಲಿ ಮಾತಿಗೆ ಬೇಕಾದಷ್ಟು ಜನ. ಆದರೆ ಉಡಿಯ ತಟ್ಟೆ ತಂದಾಗ ನಾನು ಎದ್ದು ಆಚೆ ಸರಿಯಬೇಕು. ಇಲ್ಲಿ ಒಮ್ಮೆ ಆ ತಟ್ಟೆ ಹಿಡಿದೆ. ಇನ್ನು ನನ್ನೆದುರು ಸೆರಗೊಡ್ಡುವವರು ಇಲ್ಲಿಯೂ ಇಲ್ಲ.