ಬೊಳ್ಳಮ್ಮನ ಭರಣಿಯ ಕಪ್ಪು ರಸ

ಬೆಳಗಿನ ಐದೂವರೆ. ನಾಪೋಕ್ಲು ಪೇಟೆಯಿಂದ ಎರಡು ಮೈಲಿ ಆಚೆ, ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಬೊಳ್ಳಮ್ಮ ಭರಣಿಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚುತ್ತಿದ್ದಾರೆ. ಸೌಟು ಅದ್ದಿ, ಒಂದು ಹನಿಯನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿ, ಕಣ್ಣು ಮುಚ್ಚುತ್ತಾರೆ. ಸೋಸುವ ಬಟ್ಟೆ ಹಿಡಿದು ಪಕ್ಕದಲ್ಲೇ ನಿಂತ ಜೊತೆಗಾರ್ತಿ ಕೆಂಚಿ ಅವರ ಮುಖವನ್ನೇ ನೋಡುತ್ತಾರೆ. "ಆತ್!" ಎಂದು ಬೊಳ್ಳಮ್ಮ ಕಣ್ಣು ಬಿಡುತ್ತಾರೆ. ಒಂಬತ್ತು ತಿಂಗಳು ಬಿಸಿಲು ಕುಡಿದ ಸೋಯಾ ರಸ ಹದಕ್ಕೆ ಬಂದಿದೆ. ಕೆಂಚಿ ಚಪ್ಪಾಳೆ ತಟ್ಟಿಯೇಬಿಡುತ್ತಾರೆ.

ಸಂಭ್ರಮಕ್ಕೆ ಕಾರಣವಿದೆ. ಇಂದು ಭಾನುವಾರ, ಕುಟುಂಬಗಳ ನಡುವಿನ ಕ್ರಿಕೆಟ್ ಪಂದ್ಯಾವಳಿಯ ಫೈನಲ್. ಮಧ್ಯಾಹ್ನದ ಊಟಕ್ಕೆ ಕೆಂಡದಲ್ಲಿ ಸುಟ್ಟ ಹಂದಿ ಮಾಂಸ, ನಲವತ್ತು ಕಿಲೋ. ಮೊದಲ ಸಲ ಅದಕ್ಕೆ ಬೊಳ್ಳಮ್ಮನ ಮಸಾಲೆ ರಸ ಸವರಬೇಕೆಂದು ಸಮಿತಿ ಒಪ್ಪಿದೆ. ಇಂದು ರುಚಿ ಹತ್ತಿದರೆ ಕಣದಲ್ಲಿರುವ ಹನ್ನೊಂದು ಭರಣಿಗಳಿಗೂ ಗಿರಾಕಿ ಸಿಕ್ಕ ಹಾಗೆ. ಕೆಟ್ಟರೆ ಭರಣಿ ತೊಳೆದು ಮಗುಚಿಟ್ಟು ಮತ್ತೆ ಕಾಫಿ ಪಿಕ್ಕಿಂಗಿಗೆ ಹೋಗಬೇಕು. ಇದನ್ನು ಅವರು ಯಾರ ಮುಂದೆಯೂ ಮುಚ್ಚಿಟ್ಟಿಲ್ಲ.

ನಲವತ್ತೆಂಟರ ಬೊಳ್ಳಮ್ಮನಿಗೆ ಈ ವಿದ್ಯೆ ಬಂದದ್ದು ಬೈಲುಕುಪ್ಪೆಯಿಂದ. ಮದುವೆಗೆ ಮುಂಚೆ ಅಲ್ಲಿನ ಟಿಬೆಟನ್ ಹೋಟೆಲೊಂದರಲ್ಲಿ ಆರು ವರ್ಷ ಪಾತ್ರೆ ತೊಳೆದರು. ಅಡುಗೆಮನೆಯ ಅಜ್ಜಿಯೊಬ್ಬರು ಹಿತ್ತಲಲ್ಲಿ ಸೋಯಾ ಕಾಳು ಕೊಳೆಸುವುದನ್ನು ನೋಡುತ್ತಾ ನೋಡುತ್ತಾ ಕಲಿತರು. "ಅಜ್ಜಿಗೆ ಕನ್ನಡ ಬರ್ತಿರ್ಲಿಲ್ಲ, ನಂಗೆ ಅವರ ಭಾಷೆ ಬರ್ತಿರ್ಲಿಲ್ಲ. ಮೂಗಲ್ಲೇ ಮಾತಾಡಿದ್ದು ನಾವು. ವಾಸನೆ ತೋರಿಸೋರು, ನಾನು ತಲೆ ಆಡಿಸೋದು" ಎಂದು ನಗುತ್ತಾರೆ.

ಕೆಲಸವೇನೋ ಸುಲಭ, ಕಾಯುವುದೇ ಕಷ್ಟ. ಬೇಯಿಸಿದ ಸೋಯಾ ಕಾಳಿಗೆ ಹುರಿದು ಒಡೆದ ಗೋಧಿ ಬೆರೆಸಿ ಬಿದಿರಿನ ಮೊರದಲ್ಲಿ ಹರಡಬೇಕು. ಮೂರು ದಿನಕ್ಕೆ ಹಸಿರು ಬೂಷ್ಟು ಹಿಡಿಯುತ್ತದೆ. ಆಮೇಲೆ ಉಪ್ಪುನೀರಿನ ಭರಣಿಗೆ ಹಾಕಿ ತಿಂಗಳುಗಟ್ಟಲೆ ದಿನಕ್ಕೊಮ್ಮೆ ತಿರುವುತ್ತಿರಬೇಕು. ಬಿಸಿಲಿದ್ದರೆ ಬಾಯಿ ತೆರೆಯಬೇಕು, ಮೋಡ ಕಂಡರೆ ಓಡಿಬಂದು ಮುಚ್ಚಬೇಕು. ಕೊಡಗಿನಲ್ಲಿ ಮೋಡ ಹೇಳಿ ಕೇಳಿ ಬರುತ್ತದೆಯೇ? ಮೊದಲ ಸಲ ಮೊರದಲ್ಲಿ ಬೂಷ್ಟು ಕಂಡ ಅತ್ತೆ, ಸೊಸೆಗೆ ಒಳ್ಳೆಯದಾಗಲೆಂದೇ ಅಷ್ಟನ್ನೂ ಗೊಬ್ಬರದ ಗುಂಡಿಗೆ ಸುರಿದಿದ್ದರಂತೆ. ಬೊಳ್ಳಮ್ಮ ಎರಡು ದಿನ ಮಾತು ಬಿಟ್ಟರು, ಮೂರನೇ ದಿನ ಮತ್ತೆ ಕಾಳು ನೆನೆಹಾಕಿದರು.

ಸೋಸಿದ ರಸಕ್ಕೆ ಜಜ್ಜಿದ ಶುಂಠಿ, ಬೆಳ್ಳುಳ್ಳಿ, ಸೂಜಿಮೆಣಸು, ತೋಟದ ಕರಿಮೆಣಸು, ಜೇನು ಸೇರುತ್ತವೆ. ಹುಳಿಗೆ ಕಾಚಂಪುಳಿ, ಹಣ್ಣು ಕುದಿಸಿ ಇಳಿಸಿದ ಕೊಡಗಿನ ಕಪ್ಪು ಹುಳಿರಸ. ಅದು ಬೈಲುಕುಪ್ಪೆಯ ಅಜ್ಜಿಗೆ ಗೊತ್ತಿರದ ಸಂಗತಿ, ಬೊಳ್ಳಮ್ಮನದೇ ಕೈಗುಣ. ವಾರಕ್ಕೆ ಮೂವತ್ತು ಬಾಟಲಿ ಹೋಗುತ್ತದೆ, ಹೆಚ್ಚಿನದು ಮಡಿಕೇರಿಯ ಹೋಂಸ್ಟೇಗಳಿಗೆ. ಖರ್ಚು ಕಳೆದರೆ ಕೈಗೆ ಉಳಿಯುವುದು ಅಷ್ಟಕ್ಕಷ್ಟೆ. ಊರಲ್ಲಿ ಮಾತ್ರ ಕೇಳುವವರಿಲ್ಲ. ಹಿತ್ತಲ ಗಿಡ ಮದ್ದಲ್ಲ.

ಕೇಳದಿರಲು ಇನ್ನೊಂದು ಕಾರಣವೂ ಇದೆ. ಉಪ್ಪು, ಅರಿಶಿನ ತಿಕ್ಕಿ ಇಡದೆ ಹಂದಿ ಮಾಂಸವನ್ನು ಒಲೆಯ ಹತ್ತಿರ ತರುವ ಪದ್ಧತಿ ಇಲ್ಲಿಲ್ಲ. ಸೋಯಾ ರಸವೋ, ಅರ್ಧಕ್ಕರ್ಧ ಉಪ್ಪೇ. ಎರಡು ವರ್ಷದ ಹಿಂದೆ ನೆಂಟರ ಮದುವೆಗೆ ಬಾಟಲಿ ಕಳಿಸಿದ್ದರು. ಅಡುಗೆಯವರು ಎಂದಿನಂತೆ ಉಪ್ಪು ತಿಕ್ಕಿ, ಮೇಲೆ ಈ ರಸವನ್ನೂ ಸುರಿದರು. ಉಂಡವರು ಬಾವಿಯನ್ನೇ ಹುಡುಕಿಕೊಂಡು ಹೋದರು. ಅಂದಿನಿಂದ ಅವರಿಗೆ 'ಉಪ್ಪಿನ ಬೊಳ್ಳಮ್ಮ' ಎಂಬ ಬಿರುದು. ಹಾಗಾಗಿ ಈ ಸಲ ಮಾಂಸ ಉಪ್ಪು ಮುಟ್ಟಿಸದೆ ಹಸಿಯಾಗಿಯೇ ಬರಬೇಕೆಂದು ಸಮಿತಿಗೆ ಮೂರು ಬಾರಿ ಹೇಳಿ ಕಳಿಸಿದ್ದಾರೆ.

ಆರೂವರೆಗೆ, ರಸ ಹೊತ್ತು ಬಂದ ಬೊಳ್ಳಮ್ಮ, ಕೆಂಚಿ ಕಾಯುತ್ತಿರುವ ಮೈದಾನದ ಹಿಂದಿನ ಚಪ್ಪರದ ಮುಂದೆ ಮಾಂಸದ ಜೀಪು ನಿಲ್ಲುತ್ತದೆ. ಊರಿನ ಹಿರಿಯ ಅಡುಗೆಯವರು ಸಾಂತಪ್ಪ ಹೆಮ್ಮೆಯಿಂದ ಪಾತ್ರೆ ಇಳಿಸುತ್ತಾರೆ. ಬೊಳ್ಳಮ್ಮ ಮುಚ್ಚಳ ತೆಗೆದು ಬಗ್ಗಿ ನೋಡುತ್ತಾರೆ. ಮಾಂಸವೆಲ್ಲ ಹಳದಿ.

"ಎಂತ ಮಾವ ಇದ್? ಉಪ್ಪು ಹಾಕಿಯಾತಾ?"

ಸಾಂತಪ್ಪ ಒಂದು ಕ್ಷಣ ಪಾತ್ರೆ ನೋಡುತ್ತಾರೆ, ಒಂದು ಕ್ಷಣ ತಮ್ಮ ಕೈ ನೋಡಿಕೊಳ್ಳುತ್ತಾರೆ. "ಕಿವಿಗೆ ಗೊತ್ತುಟ್ಟು ಗೂಡೆ, ಕೈಗೆ ಗೊತ್ತುಲೆ!" ಕಿವಿ ಕೇಳಿದ್ದು ಕೈಗೆ ತಿಳಿಯಲಿಲ್ಲ ಹುಡುಗಿ ಎಂದು ತಲೆ ಚಚ್ಚಿಕೊಳ್ಳುತ್ತಾರೆ. ನಲವತ್ತು ವರ್ಷ ಮಾಂಸ ಕಂಡೊಡನೆ ಉಪ್ಪಿಗೆ ಹೋದ ಕೈ, ಇವತ್ತೂ ಹೋಗಿದೆ. ಮರುಕ್ಷಣವೇ ಹಿರಿತನ ಎದ್ದು ಬರುತ್ತದೆ. ಸೋಯಾ ಬಿಡು, ಹೀಗೇ ಸುಡುವ ಎನ್ನುತ್ತಾರೆ. ಸಮಿತಿಯವರೂ ತಲೆಯಾಡಿಸುತ್ತಾರೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಕೆಂಚಿ ಮೂಗೆಳೆಯತೊಡಗುತ್ತಾರೆ.

ಬೊಳ್ಳಮ್ಮ ಅಳುವುದಿಲ್ಲ, ಒಂದು ತುಂಡು ಎತ್ತಿ ಮೂಸಿ ನೋಡುತ್ತಾರೆ. ಉಪ್ಪು ಹಚ್ಚಿ ಎಷ್ಟು ಹೊತ್ತಾಯಿತು? ಒಂದು ಗಂಟೆ. ಹಾಗಾದರೆ ಪೂರ್ತಿ ಒಳಗಿಳಿದಿಲ್ಲ. ಸೀರೆಯ ಸೆರಗು ಸೊಂಟಕ್ಕೆ ಬಿಗಿಯುತ್ತಾರೆ. "ಕೆಂಚಿ, ನೀರು! ಕೊಡ ಎಷ್ಟಿವೆಯೋ ಅಷ್ಟೂ!"

ಆಮೇಲಿನ ಮೂರು ಗಂಟೆ ನೋಡುವಂಥದ್ದು. ತಣ್ಣೀರಿನಲ್ಲಿ ಮೂರು ಸಲ ಜಾಲಾಡಿ, ಹಿಂಡಿ, ಬಟ್ಟೆಯಲ್ಲಿ ಒತ್ತಿ ಒರೆಸುತ್ತಾರೆ. ಮಾಂಸ ತೊಳೆದರೆ ರುಚಿಯೂ ತೊಳೆದು ಹೋಗುತ್ತದೆಂದು ಸಾಂತಪ್ಪ ಗೊಣಗುತ್ತಲೇ ಕೊಡ ಹೊರುತ್ತಾರೆ. ತೊಳೆದರೂ ಉಳಿದ ಉಪ್ಪೇ ಮಾಂಸಕ್ಕೆ ಸಾಕೆಂದು ಈಗ ಸೋಯಾ ರಸವನ್ನು ಒಂದು ಹನಿಯೂ ಹಾಕದೆ, ಶುಂಠಿ, ಬೆಳ್ಳುಳ್ಳಿ, ಮೆಣಸು, ಕಾಚಂಪುಳಿ ಮಾತ್ರ ಹಚ್ಚಿ ಇಡುತ್ತಾರೆ. ಹಾಗಾದರೆ ಒಂಬತ್ತು ತಿಂಗಳ ಭರಣಿ? ಅದರ ರಸವನ್ನು ಜೇನಿನ ಜೊತೆ ಬೆರೆಸಿ ಬೇರೆಯೇ ಬೋಗುಣಿಯಲ್ಲಿಟ್ಟಿದ್ದಾರೆ. "ಒಳಗೆ ಹೋಗ್ಲಿಕ್ಕೆ ಜಾಗ ಇಲ್ಲದಿದ್ರೆ ಮೇಲೆ ಕೂರ್ಲಿ" ಎನ್ನುತ್ತಾರೆ. ಹೀಗೆ ಅವರು ಹಿಂದೆಂದೂ ಮಾಡಿದವರಲ್ಲ.

ಹತ್ತೂವರೆಗೆ ಸೀಳಿದ ಡ್ರಮ್ಮಿನಲ್ಲಿ ಕಾಫಿ ಕಟ್ಟಿಗೆಯ ಕೆಂಡ ಕೆಂಪಾಗುತ್ತದೆ. ಕಂಬಿಗೆ ಪೋಣಿಸಿದ ಮಾಂಸ ಮುಕ್ಕಾಲು ಬೆಂದಾಗ ಬೊಳ್ಳಮ್ಮ ನಿಂಬೆ ಘಮದ ಮಜ್ಜಿಗೆಹುಲ್ಲಿನ ಕಟ್ಟನ್ನು ಬೋಗುಣಿಗೆ ಅದ್ದಿ ಒಮ್ಮೆ ಎಳೆಯುತ್ತಾರೆ. ಚುಂಯ್! ಹೊಗೆ ಏಳುತ್ತದೆ. ಇನ್ನೊಮ್ಮೆ ಎಳೆಯುತ್ತಾರೆ. ತುಂಡಿನ ಮೈ ಕಪ್ಪಗೆ ಮಿರಮಿರ ಮಿಂಚುತ್ತದೆ. ಕೆಂಚಿ ಬಿಸಿ ತುಂಡನ್ನೇ ಬಾಯಿಗೆ ಹಾಕಿಕೊಂಡು, ನಾಲಿಗೆ ಸುಟ್ಟುಕೊಂಡು ಕುಣಿಯುತ್ತಾರೆ. "ಅಕ್ಕಾ! ಅಕ್ಕಾ! ಇಷ್ಟು ದಿನ ಯಾಕ್ ಹಿಂಗ್ ಮಾಡ್ಲಿಲ್ಲ ನೀವು!" ಬೊಳ್ಳಮ್ಮನೂ ತಿಂದು ನೋಡಿ ಕೆಂಡದ ಮುಂದೆಯೇ ನಿಂತು ಗಟ್ಟಿಯಾಗಿ ನಗುತ್ತಾರೆ.

ಆ ಘಮಕ್ಕೆ ಆಟದ ಮೇಲೆ ಕಣ್ಣಿಡುವುದೇ ಕಷ್ಟವಾಗುತ್ತದೆ. ಮೊದಲ ಇನ್ನಿಂಗ್ಸ್ ಮುಗಿಯುವ ಮೊದಲೇ ಚಪ್ಪರದ ಮುಂದೆ ಸಾಲು. ಪ್ಯಾಡು ಬಿಚ್ಚದೆ ಬಂದವರು, ತಟ್ಟೆ ಸಿಗದೆ ಬಾಳೆಲೆ ಚೂರು ಹಿಡಿದವರು, ಎರಡನೇ ಸಲಕ್ಕೆ ಟೋಪಿ ತೆಗೆದು ವೇಷ ಬದಲಿಸಿದವರು! ಒಂದೂವರೆಗೆ ನಲವತ್ತು ಕಿಲೋದಲ್ಲಿ ಉಳಿದದ್ದು ಒಂದು ಕಂಬಿ. ಅದನ್ನು ಬೊಳ್ಳಮ್ಮ ಸಾಂತಪ್ಪನವರಿಗಾಗಿ ಎತ್ತಿಟ್ಟಿದ್ದಾರೆ.

ಸಾಂತಪ್ಪ ಬೆಂಚಿನ ಮೇಲೆ ಕುಳಿತು ನಿಧಾನಕ್ಕೆ ಅಗಿಯುತ್ತಾರೆ. ಬೊಳ್ಳಮ್ಮ ಎದುರಿಗೆ ನಿಂತಿದ್ದಾರೆ. ಇಷ್ಟು ಜನ ಹೊಗಳಿದರೂ ಅವರಿಗೆ ಬೇಕಿರುವುದು ಈ ಒಂದು ಬಾಯಿಯ ಮಾತು. ಸಾಂತಪ್ಪ ಕಂಬಿ ಖಾಲಿ ಮಾಡಿ, ಬೆರಳು ಚೀಪಿ, ಎದ್ದು ಲುಂಗಿ ಕೊಡವುತ್ತಾರೆ. "ಬರುವ ವರ್ಷ ಮಾಂಸಕ್ಕೆ ನಾ ಉಪ್ಪು ಹಾಕುಲೆ ಗೂಡೆ. ನೀನೇ ನೋಡಿಕ" ಎಂದವರೇ ಮ್ಯಾಚು ನೋಡಲು ಹೊರಟುಬಿಡುತ್ತಾರೆ.

ಇನ್ನೇನು ಆಸೆಯಿದೆ ಎಂದು ನಾನು ಕೇಳಿದರೆ ಬೊಳ್ಳಮ್ಮ ಸಾಂತಪ್ಪ ಹೋದ ದಾರಿಯತ್ತ ಕೈ ತೋರುತ್ತಾರೆ. ಮಸಿ ಮೆತ್ತಿದ ಮುಖವನ್ನು ಸೆರಗಿನಿಂದ ಒರೆಸಿಕೊಂಡು, ದನಿ ತಗ್ಗಿಸಿ ಹೇಳುತ್ತಾರೆ: "ನಲ್ವತ್ತು ವರ್ಷದಲ್ಲಿ ಅವರು ಉಪ್ಪಿನ ಡಬ್ಬಿ ಮನೇಲಿ ಹೆಂಡ್ತಿ ಕೈಗೂ ಕೊಟ್ಟೋರಲ್ಲ ಸರ್. ನಂಗೆ ಕೊಟ್ರು."