ಗುಡುಗಿಗೆ ಕಿತ್ತ ಪ್ಲಗ್

ದೊಡ್ಡ ಕಂಪನಿಗಳು ಬಳಸುವುದೆಲ್ಲ ನಮಗೂ ಒಗ್ಗುತ್ತದೆ ಎಂಬ ಹುಚ್ಚು ನನಗೆ ಆಗ ಇತ್ತು. ಹಂಪನಕಟ್ಟೆಯ ನಮ್ಮ ಪುಟ್ಟ ಆಫೀಸಿಗೆ ಕಾಟಿಪಳ್ಳದ ಒಂದು ಕ್ಲಿನಿಕ್ಕಿನ ಕೆಲಸ ಬಂದಿತ್ತು. ಲಸಿಕೆ ಇಡುವ ಫ್ರಿಜ್ ಎಷ್ಟು ತಂಪಾಗಿದೆ ಎಂದು ಸೆನ್ಸರ್ ಐದೈದು ನಿಮಿಷಕ್ಕೆ ತಿಳಿಸಬೇಕು. ಆ ಸಂದೇಶವನ್ನು ಕ್ಲಿನಿಕ್ಕಿನ ನೆಟ್ ರೂಟರಿನ ಮೂಲಕ ದೂರದ ಸರ್ವರಿಗೆ ಮುಟ್ಟಿಸುವ ಸಾಫ್ಟ್‌ವೇರ್ ಆರಿಸುವುದು ನನ್ನ ಪಾಲು. ಹೆಸರುವಾಸಿಯಾದದ್ದನ್ನೇ ಆರಿಸಿದೆ. ಆಫೀಸಿನ ಏಸಿಯಲ್ಲಿ ಕೂತು ಪರೀಕ್ಷಿಸಿದಾಗ ಒಂದು ಸಂದೇಶವೂ ತಪ್ಪಲಿಲ್ಲ. ನಾನು ಬೀಗಿದ್ದೇ ಬೀಗಿದ್ದು.

ಏಪ್ರಿಲ್‌ನಲ್ಲಿ ಮೊದಲ ಗುಡುಗು ಬಂತು. ಆ ಮಧ್ಯಾಹ್ನದ ಮೂರು ಗಂಟೆಗಳ ದಾಖಲೆಯೇ ಮಾಯ! ಇನ್ವರ್ಟರಿನಲ್ಲಿ ಫ್ರಿಜ್ ತಣ್ಣಗೇ ಇದ್ದಿರಬೇಕು, ಆದರೆ ದಾಖಲೆ ಇಲ್ಲದ ಲಸಿಕೆಯನ್ನು ಮಕ್ಕಳಿಗೆ ಕೊಡುವಂತಿಲ್ಲ. ಅಷ್ಟನ್ನೂ ಎಸೆದರು. ಮೇಲಿನವರು ಅಲ್ಲಿನ ಹಿರಿಯ ನರ್ಸಿನಿಂದ ವಿವರಣೆ ಬರೆಸಿಕೊಂಡರು. ಇನ್ನೊಮ್ಮೆ ಹೀಗಾದರೆ ಲಸಿಕೆಯ ಜವಾಬ್ದಾರಿ ಬೇರೆಯವರಿಗೆ ಎಂದೂ ಹೇಳಿದರಂತೆ.

ಅಷ್ಟೂ ಹೊತ್ತು ಕ್ಲಿನಿಕ್ಕಿನ ನೆಟ್ ಆಫ್ ಆಗಿತ್ತೆಂದು ತಿಳಿದು, ನಾನು ಸಿಟ್ಟು ನೆತ್ತಿಗೇರಿಸಿಕೊಂಡು ಕಾಟಿಪಳ್ಳದ ಬಸ್ಸು ಹತ್ತಿದೆ.

"ರೂಟರಿನ ಪ್ಲಗ್ ತೆಗೆದದ್ದು ನೀವಾ ಸಿಸ್ಟರ್?"

"ಮತ್ತೆ? ಗುಡುಗು ಬಂದ್ರೆ ತೆಗೀದೆ ಇರ್ಲಿಕ್ಕೆ ಆಗ್ತದಾ? ನಿಮ್ಮ ಮನೆಯಲ್ಲಿ ಎಂತ ಮಾಡ್ತೀರಿ?"

ಆಕಾಶ ಗುರ್ ಎಂದರೆ ಸಾಕು, ನಮ್ಮಮ್ಮ ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತು ಕೂರುವವರು. ಇದೇ ಊರಿನಲ್ಲಿ ಹುಟ್ಟಿ ಬೆಳೆದ ನಾನು ಇದೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಪರೀಕ್ಷಿಸಿದ್ದೆ. ನಾಚಿಕೆಯಾಯಿತು. ತಪ್ಪು ನನ್ನದೇ ಎಂದು ಅವರ ಮೇಲಿನವರಿಗೆ ಬರೆದುಕೊಟ್ಟೆ.

ಆಮೇಲೆ ಆರಿಸಿದ್ದು ಫ್ರಿಜ್‌ನ ಪಕ್ಕದಲ್ಲೇ, ಬ್ಯಾಟರಿ ಇರುವ ಸಣ್ಣ ಪೆಟ್ಟಿಗೆಯೊಳಗೆ ಓಡುವಂಥ ಬೇರೊಂದು ಸಾಫ್ಟ್‌ವೇರನ್ನು. ನೆಟ್ ಇಲ್ಲದಾಗ ಅದು ಸಂದೇಶಗಳನ್ನು ಅಲ್ಲೇ ಕೂಡಿಟ್ಟು, ನೆಟ್ ಬಂದೊಡನೆ ಸಮಯದ ಸಮೇತ ಕಳಿಸುತ್ತದೆ. ಅದರ ಹೆಸರು ಆಫೀಸಿನಲ್ಲಿ ಅರ್ಧ ಜನ ಕೇಳಿಯೇ ಇರಲಿಲ್ಲ.

"ಇಷ್ಟು ಸಣ್ಣದು ಸಾಕಾ ಮಾರಾಯ?" ಎಂದರು ಬಾಸ್.

"ಗುಡುಗು ಬರ್ಲಿ ಸರ್, ನೋಡುವ" ಎಂದೆ.

ಮೇ ತಿಂಗಳ ಒಂದು ಮಧ್ಯಾಹ್ನ ನಾನು ಕ್ಲಿನಿಕ್ಕಿನಲ್ಲಿದ್ದಾಗಲೇ ಗುಡುಗಿತು. ಸಿಸ್ಟರ್ ರೂಟರಿನ ಪ್ಲಗ್ಗಿಗೆ ಕೈ ಹಾಕಿ, ನನ್ನನ್ನು ನೋಡಿ ನಿಂತರು. "ತೆಗೀರಿ" ಎಂದೆ. ಎರಡು ಗಂಟೆ ಕಳೆದು ಮತ್ತೆ ಪ್ಲಗ್ ಹಾಕಿದರು. ಸ್ವಲ್ಪ ಹೊತ್ತು ಮೊಬೈಲಿನಲ್ಲಿ ಏನೂ ಇಲ್ಲ. ಆಮೇಲೆ ಕೂಡಿಟ್ಟ ಸಂದೇಶಗಳು ಬರತೊಡಗಿದವು: ನಾಲ್ಕು ಡಿಗ್ರಿ, ನಾಲ್ಕು, ಐದು, ನಾಲ್ಕು. ಒಂದೂ ಬಿಟ್ಟುಹೋಗಿರಲಿಲ್ಲ. ಕುಣಿಯಬೇಕೆನಿಸಿತು.

ಸಿಸ್ಟರ್ ಕನ್ನಡಕ ಸರಿಮಾಡಿಕೊಂಡು ಎಲ್ಲವನ್ನೂ ಎರಡೆರಡು ಸಲ ಓದಿದರು. ಫ್ರಿಜ್ ತೆರೆದು ಲಸಿಕೆಯ ಬಾಟಲಿಯನ್ನು ಕೈಗೆತ್ತಿಕೊಂಡರು. ಹೊರಗೆ ಕಾಯುತ್ತಿದ್ದ ತಾಯಿಗೆ ಕೇಳುವಂತೆ ಗಟ್ಟಿಯಾಗಿ ಕರೆದರು: "ಮಗುವನ್ನು ಕರ್ಕೊಂಡು ಬನ್ನಿ."